ಬಾನೆಟ್ ಕೆಳಗಿನ ಇಕ್ಕಟ್ಟು: ಹಳೆ ಕಾರು, ಹೊಸ ಹೆಡರ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೆಡರ್ ಬಗ್ಗೆ. ಕಂಪನಿಯ ಎರಕದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿನತ್ತ ಕಳಿಸುವ ಭಾಗ) ಬಿಚ್ಚಿ, ಪೋರ್ಟಿಗೊಂದರಂತೆ (ಹೊಗೆ ಹೊರಬರುವ ಕಿಂಡಿಗೊಂದರಂತೆ) ಉಕ್ಕಿನ ಪೈಪು ಇರುವ ಮ್ಯಾನಿಫೋಲ್ಡ್ ಹಾಕಿಸುವ ವಿಚಾರ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ನನ್ನದು 1978ರ ಅಂಬಾಸಿಡರ್ ಮಾರ್ಕ್ 3. 1489 ಸಿಸಿ ಪೆಟ್ರೋಲ್, ಒಂದೇ ಎಸ್‌ಯು ಕಾರ್ಬ್ಯುರೇಟರ್. ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿಗೆಂದು ಮಾಡಿದ ಮೂರು ಪೈಪಿನ ಹೆಡರ್ ಸಿಕ್ಕಿತು. ಹೆಡ್‌ಗೆ (ಸಿಲಿಂಡರುಗಳ ಮೇಲಿನ ಎರಕದ ಭಾಗ) ಚೆನ್ನಾಗಿ ಕೂರುತ್ತದೆ, ಆದರೆ ಎಡಗಡೆ ಎಂಜಿನ್ ಮೌಂಟಿಂಗ್ ಹತ್ತಿರ ಪೈಪು ಚಾಸಿ ಮೆಂಬರ್‌ಗೆ ತಾಗುತ್ತದೆ. ಪೈಪಿಗೆ ಎರಡು ಏಟು ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ? ಎಂಜಿನ್ ಇಳಿಸಲೇಬೇಕೇ?
— ಓದುಗರು, ಚಿಕ್ಕಮಗಳೂರು

ಎಂಜಿನ್ ಇಳಿಸುವುದು ಬೇಡ. ಏಟು ಹಾಕುವುದಿದ್ದರೂ ಕೊನೆಗೆ.

ಹೆಡ್‌ಗೆ ಕೂರುವುದು ಸಹಜ. ನಿಮ್ಮ ಎಂಜಿನ್ ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ‘ಬಿ ಸೀರೀಸ್’. 1955ರಲ್ಲಿ ಬಂದ ಎಂಜಿಎ ಕಾರಿನಲ್ಲಿದ್ದದ್ದೂ ಇದೇ 1489 ಸಿಸಿ. ಎಂಜಿಬಿಯ 1798 ಸಿಸಿ ಇದರದೇ ಮೈ ತುಂಬಿದ ತಮ್ಮ. ನಾಲ್ಕು ಸಿಲಿಂಡರಿಗೆ ಎಕ್ಸಾಸ್ಟ್ ಪೋರ್ಟು ಮೂರೇ: 1 ಮತ್ತು 4ಕ್ಕೆ ಒಂದೊಂದು, ನಡುವಿನ 2–3ಕ್ಕೆ ಕೂಡಿ ಒಂದು. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2 ಆದ್ದರಿಂದ ಒಳ್ಳೆಯ ಹೆಡರ್‌ನಲ್ಲಿ 1 ಮತ್ತು 4ರ ಪೈಪುಗಳು ಮೊದಲು ಕೂಡುತ್ತವೆ, ನಡುವಿನ ಉದ್ದ ಪೈಪು ಇನ್ನಷ್ಟು ಕೆಳಗೆ ಬಂದು ಸೇರುತ್ತದೆ. ಫ್ಲೇಂಜ್‌ನ (ಹೆಡ್ಡಿಗೆ ಒತ್ತಿ ಕೂರುವ ಚಪ್ಪಟೆ ತಟ್ಟೆ) ಮಟ್ಟಿಗೆ ಎಲ್ಲ ಒಂದೇ ಮನೆತನ. ಅಲ್ಲಿಂದ ಕೆಳಗೆ ಪೈಪು ಹಿಡಿಯುವ ದಾರಿ ಮಾತ್ರ ಎಂಜಿಬಿಯ ಬಾಡಿಯ ಅಳತೆಯದು. ನಿಮ್ಮ ತೊಡಕು ಅಲ್ಲಿದೆ.

ಅಳತೆಗೆ ಮೊದಲು ಮೌಂಟಿಂಗ್ ನೋಡಿ. ಹಳೆ ರಬ್ಬರು ಕುಸಿದು ಎಂಜಿನ್ ಕೆಲವು ಮಿ.ಮೀ. ಕೆಳಗೆ ಕೂತಿರುತ್ತದೆ, ಒಂದು ಪಕ್ಕಕ್ಕೆ ವಾಲಿಯೂ ಇರುತ್ತದೆ. ಮುಂದಿನ ಎರಡು ಮೌಂಟಿಂಗ್, ಗೇರ್‌ಬಾಕ್ಸಿನ ಮೌಂಟಿಂಗ್, ಎಲ್ಲವನ್ನೂ ಹೊಸದು ಹಾಕಿಸಿದ ಮೇಲೆ ಹೆಡರ್ ಇಟ್ಟು ನೋಡಿ. ತಾಗುತ್ತಿದ್ದ ಪೈಪು ಎಷ್ಟೋ ಸಲ ಅಲ್ಲೇ ಬಿಡಿಸಿಕೊಳ್ಳುತ್ತದೆ. ಕುಸಿದ ರಬ್ಬರಿನ ಮೇಲೆ ಅಳತೆ ತೆಗೆದು ಪೈಪು ಬಗ್ಗಿಸಿದರೆ, ನಾಳೆ ಮೌಂಟಿಂಗ್ ಬದಲಿಸಿದ ದಿನ ಪೈಪು ಇನ್ನೆಲ್ಲೋ ತಾಗುತ್ತದೆ.

ಹೆಡರ್ ಒಳಗೆ ತೂರಿಸಲು ಎಂಜಿನ್ನನ್ನು ಸ್ವಲ್ಪ ಎತ್ತಿದರೆ ಸಾಕು. ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಚಕ್ರಗಳಿಗೆ ಅಡೆ ಕೊಡಿ, ಗಾಡಿ ಸ್ಟ್ಯಾಂಡಿನ ಮೇಲಿರಲಿ. ಆಯಿಲ್ ಚೇಂಬರಿನ ಅಡಿಗೆ ಅಗಲದ ಮರದ ಹಲಗೆ ಇಟ್ಟು ಜಾಕಿ ಕೊಡಿ; ಬರೀ ಜಾಕಿಯ ತಲೆ ಇಟ್ಟರೆ ಚೇಂಬರ್ ನೆಗ್ಗುತ್ತದೆ. ಎಡ ಮೌಂಟಿಂಗಿನ ಬೋಲ್ಟು ಬಿಚ್ಚಿ 30 ಮಿ.ಮೀ.ನಷ್ಟು ಎತ್ತಿ. ಎತ್ತುವಾಗ ಒಬ್ಬರು ಮುಂದೆ ನಿಂತು ಫ್ಯಾನಿನ ರೆಕ್ಕೆ ರೇಡಿಯೇಟರಿಗೆ ತಾಗದಂತೆ, ಮೇಲಿನ ಹೋಸ್ ಎಳೆಯದಂತೆ, ಆಕ್ಸಿಲರೇಟರ್ ಸರಳು ಸಿಕ್ಕಿಕೊಳ್ಳದಂತೆ ಕಣ್ಣಿಟ್ಟಿರಲಿ.

ಮ್ಯಾನಿಫೋಲ್ಡ್ ಹೊರಗಿರುವಾಗಲೇ ಇನ್ನೊಂದು ಕೆಲಸ ಮುಗಿಸಿ. ಅದರ ಹಿಂದೆ ಬ್ಲಾಕಿನ ಎಡಗಡೆ ಟ್ಯಾಪೆಟ್ ಬಾಗಿಲುಗಳು (ವಾಲ್ವ್ ಆಡಿಸುವ ಭಾಗಗಳ ಮುಚ್ಚಳ) ಎರಡಿವೆ. ಅವುಗಳ ಪ್ಯಾಕಿಂಗ್ ಹಳತಾಗಿ ಆಯಿಲ್ ಜಿನುಗುವುದು ಈ ಎಂಜಿನ್ನಿನ ಹುಟ್ಟುಗುಣ. ಎರಕದ ಮ್ಯಾನಿಫೋಲ್ಡ್ ಇದ್ದಾಗ ಅದು ಬರೀ ಕೊಳಕು. ಹೆಡರ್ ಬಂದಮೇಲೆ ಆಯಿಲ್ ಬಿಸಿ ಪೈಪಿನ ಮೇಲೆ ಬಿದ್ದು ಹೊಗೆಯೇಳುತ್ತದೆ, ಬೆಂಕಿಗೂ ದಾರಿಯಾಗುತ್ತದೆ. ಪ್ಯಾಕಿಂಗ್ ಬದಲಿಸಲು ಇಷ್ಟು ಸಲೀಸಾದ ಜಾಗ ಮತ್ತೆ ಸಿಗುವುದಿಲ್ಲ.

ಈಗ ಅಳತೆ. ಹೆಡರನ್ನು ಹಳೆ ಪ್ಯಾಕಿಂಗ್ ಇಟ್ಟು ಹೆಡ್‌ಗೆ ಬಿಗಿಯಿರಿ, ಎತ್ತಿದ ಎಂಜಿನ್ನನ್ನು ಮತ್ತೆ ಮೌಂಟಿಂಗ್ ಮೇಲೆ ಕೂರಿಸಿ, ಬೋಲ್ಟು ಹಾಕಿ. ಸಂದು ಇರುವ ಕಡೆಯೆಲ್ಲ ಚಪಾತಿ ಹಿಟ್ಟಿನ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತುರುಕಿ. (ರಾಗಿ ಮುದ್ದೆ ಬೇಡ, ಅಂಟುತ್ತದೆ, ಅಳತೆಯೂ ನಿಲ್ಲುವುದಿಲ್ಲ.) ನಂತರ ಎಂಜಿನ್ ಅಲುಗಿಸಬೇಕು. ಗಾಡಿಯನ್ನು ಸ್ಟ್ಯಾಂಡಿನಿಂದ ನೆಲಕ್ಕಿಳಿಸಿ, ಬ್ಯಾಟರಿ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡಿ. ಒಬ್ಬರು ಸೀಟಿನಲ್ಲಿ ಕೂತು, ಬ್ರೇಕು ಗಟ್ಟಿಯಾಗಿ ತುಳಿದು, ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಕಚ್ಚುವ ಮಟ್ಟಕ್ಕೆ ಒಂದು ಕ್ಷಣ ಬಿಡಲಿ. ಆಮೇಲೆ ರಿವರ್ಸಿನಲ್ಲಿ ಅದೇ ರೀತಿ. ಗಾಡಿಯ ಹಿಂದೆ ಮುಂದೆ ಯಾರೂ ನಿಲ್ಲಬಾರದು. ಎಂಜಿನ್ ಆರಿಸಿ, ಹಿಟ್ಟು ತೆಗೆದು, ಅದು ಅತಿ ತೆಳ್ಳಗಾದ ಕಡೆ ವರ್ನಿಯರ್ ಇಟ್ಟು ನೋಡಿ.

ರಿವರ್ಸ್ ಯಾಕೆಂದರೆ, ಮುಂದಕ್ಕೆ ಎಳೆಯುವಾಗ ಈ ಎಂಜಿನ್ನಿನ ಎಡಪಕ್ಕ ಮೇಲೇಳುತ್ತದೆ, ಪೈಪು ಚಾಸಿಯಿಂದ ದೂರ ಹೋಗುತ್ತದೆ. ರಿವರ್ಸಿನಲ್ಲಿ ತಿರುಗುಬಲ ಉಲ್ಟಾ. ಎಡಪಕ್ಕ ಕೆಳಗೆ ಅದುಮುತ್ತದೆ. ಟೌನಿನಲ್ಲಿ ಸದ್ದೇ ಇಲ್ಲದ ಗಾಡಿ ತೋಟದ ಏರಿನಲ್ಲಿ ಹಿಂದಕ್ಕೆ ಹತ್ತಿಸಿದಾಗ ಮಾತ್ರ ‘ಟಕ ಟಕ’ ಎಂದು ಬಡಿಯುವುದು ಇದೇ ಕಾರಣಕ್ಕೆ.

ನಿಂತ ಗಾಡಿಯಲ್ಲಿ ಪೈಪಿಗೂ ಚಾಸಿಗೂ 12 ಮಿ.ಮೀ., ಅಲುಗಿಸಿದಾಗ ಅತಿ ಕಡಿಮೆ ಎಂದರೂ 5 ಮಿ.ಮೀ. ಉಳಿಯಬೇಕು. ಬಿಸಿಗೆ ಪೈಪು ಹಿಗ್ಗುವ ಲೆಕ್ಕವೂ ಇದೆ: ಅರ್ಧ ಮೀಟರ್ ಉದ್ದದ ಮಾಮೂಲಿ ಉಕ್ಕಿನ ಪೈಪು 600 ಡಿಗ್ರಿ ಏರಿದರೆ ಮೂರೂವರೆ ಮಿ.ಮೀ. ಬೆಳೆಯುತ್ತದೆ, ಸ್ಟೇನ್‌ಲೆಸ್ ಆದರೆ ಐದು ದಾಟುತ್ತದೆ. ಬ್ರೇಕ್ ಹೋಸ್, ಪೆಟ್ರೋಲ್ ಪೈಪು, ವೈರಿಂಗ್ ಇವುಗಳಿಗೆ ಕನಿಷ್ಠ 50 ಮಿ.ಮೀ. ದೂರ ಇರಲಿ, ಇಲ್ಲದಿದ್ದರೆ ನಡುವೆ ತಗಡಿನ ಮರೆ ಬೇಕೇ ಬೇಕು.

ಇಷ್ಟಾದ ಮೇಲೂ ತಾಗಿದರೆ ದಾರಿ ಎರಡು. ಸಂದು ಐದಾರು ಮಿ.ಮೀ. ಮಾತ್ರ ಕಮ್ಮಿಯಿದ್ದರೆ ಪೈಪನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ದುಂಡನೆಯ ಸರಳು ಅಡ್ಡ ಇಟ್ಟು ಮೆಲ್ಲಗೆ ಅದುಮಿ ಅಂಡಾಕಾರ ಮಾಡಿಸಿ. 40 ಮಿ.ಮೀ. ಪೈಪು ಒಂದು ಕಡೆ 32ಕ್ಕೆ ಇಳಿದರೂ ಒಳಗಿನ ಜಾಗ ಶೇ 6ರಷ್ಟೇ ಕಡಿಮೆಯಾಗುತ್ತದೆ. ಇಂಥ ಎಂಜಿನ್ನಿಗೆ ಅದು ಗೊತ್ತೇ ಆಗುವುದಿಲ್ಲ. ತಣ್ಣನೆ ಪೈಪಿಗೆ ಸುತ್ತಿಗೆಯಲ್ಲಿ ಹೊಡೆದರೆ ಚೂಪು ನೆಗ್ಗು ಬೀಳುತ್ತದೆ, ಹತ್ತಿರದ ವೆಲ್ಡಿಂಗ್ ಬಿರುಕು ಬಿಡುತ್ತದೆ. ಐದಾರು ಮಿ.ಮೀ.ಗಿಂತ ಹೆಚ್ಚು ಜಾಗ ಬೇಕಾದರೆ ಆ ತುಂಡನ್ನೇ ಕತ್ತರಿಸಿ, ರೆಡಿ ಬೆಂಡ್ ಇಟ್ಟು, ಗಾಡಿಯ ಮೇಲೆ ಟ್ಯಾಕ್ (ಅಲ್ಲಲ್ಲಿ ಚುಕ್ಕಿ ಬೆಸುಗೆ) ಹಾಕಿ, ಹೊರಗೆ ತೆಗೆದು ಪೂರ್ತಿ ವೆಲ್ಡ್ ಮಾಡಿಸಿ. ವೆಲ್ಡ್ ಮಾಡುವಾಗ ಫ್ಲೇಂಜನ್ನು ದಪ್ಪ ಪ್ಲೇಟಿಗೋ ಹಳೆ ಹೆಡ್‌ಗೋ ಬೋಲ್ಟ್ ಹಾಕಿ ಬಿಗಿದಿರಬೇಕು, ಇಲ್ಲದಿದ್ದರೆ ಸೊಟ್ಟಗಾಗುತ್ತದೆ. ಚಾಸಿ ಮೆಂಬರನ್ನು ಮಾತ್ರ ಯಾರೇ ಹೇಳಿದರೂ ಕತ್ತರಿಸಬೇಡಿ.

ಕೊನೆಯ ಬಿಗಿತದಲ್ಲಿ ಅವಸರ ಬೇಡ. ಎಲ್ಲ ನಟ್ಟುಗಳನ್ನೂ ಬೆರಳಿನಲ್ಲಿ ಹತ್ತಿಸಿ, ಕೆಳಗಿನ ಪೈಪು, ಸೈಲೆನ್ಸರ್, ಹ್ಯಾಂಗರ್ ಎಲ್ಲ ಸಡಿಲವಾಗಿ ಜೋಡಿಸಿ, ಪೈಪು ತಾನಾಗಿ ಕೂತ ಮೇಲೆ ಹೆಡ್‌ನಿಂದ ಆರಂಭಿಸಿ ಹಿಂದಕ್ಕೆ ಬಿಗಿಯುತ್ತಾ ಹೋಗಿ. ಹಿಂದಿನಿಂದ ಬಿಗಿದು ಬಂದರೆ ಎಳೆತವೆಲ್ಲ ಫ್ಲೇಂಜಿನ ಮೇಲೆ ಬೀಳುತ್ತದೆ. ಪೈಪನ್ನು ಗೇರ್‌ಬಾಕ್ಸಿನ ಹತ್ತಿರ ಒಂದು ಕಡೆ ಗೇರ್‌ಬಾಕ್ಸಿಗೇ ಕಟ್ಟಿ. ಅಲ್ಲಿಂದ ಹಿಂದಕ್ಕೆ ಕಾರಿನ ಬಾಡಿಯಲ್ಲಿ ಹಿಡಿಸುವುದೆಲ್ಲ ರಬ್ಬರಿನಲ್ಲಿರಲಿ.

ಅಂಬಾಸಿಡರಿಗೆ ಹೆಡರ್ ಹಾಕಿಸಿದೆ. ಒಂದು ಪೋರ್ಟಿನಿಂದ ಗಾಳಿ ಬಿಡುವ ಸದ್ದು ನಿಲ್ಲುತ್ತಿಲ್ಲ. ಪ್ಯಾಕಿಂಗ್ ಮೂರು ಸಲ ಬದಲಾಯಿತು. ಪ್ಯಾಕಿಂಗೇ ಕಳಪೆಯೇ?
— ಓದುಗರು, ಬೇಲೂರು

ಮೂರು ಪ್ಯಾಕಿಂಗ್ ಹೋದ ಮೇಲೆ ಪ್ಯಾಕಿಂಗನ್ನು ದೂರುವುದು ಬಿಡಿ, ವಾಷರ್ ನೋಡಿ.

ಈ ಹೆಡ್‌ನಲ್ಲಿ ಇನ್ಲೆಟ್ (ಕಾರ್ಬ್ಯುರೇಟರಿನಿಂದ ಮಿಶ್ರಣ ಒಳಬರುವ ಮ್ಯಾನಿಫೋಲ್ಡ್), ಎಕ್ಸಾಸ್ಟ್ ಎರಡೂ ಒಂದೇ ಪಕ್ಕ. ಎರಡರ ಫ್ಲೇಂಜನ್ನೂ ಒಂದೇ ಸ್ಟಡ್ಡಿನ (ಹೆಡ್ಡಿಗೆ ನೆಟ್ಟ ತಲೆಯಿಲ್ಲದ ಬೋಲ್ಟಿನ) ದಪ್ಪ ವಾಷರ್ ಅದುಮಿ ಹಿಡಿಯುತ್ತದೆ: ವಾಷರಿನ ಒಂದು ಅಂಚು ಇನ್ಲೆಟ್ ಮೇಲೆ, ಇನ್ನೊಂದು ಅಂಚು ಎಕ್ಸಾಸ್ಟ್ ಮೇಲೆ. ಎರಕದ ಮ್ಯಾನಿಫೋಲ್ಡಿನ ದಪ್ಪಕ್ಕೂ ಹೊಸ ಹೆಡರಿನ ಫ್ಲೇಂಜಿನ ದಪ್ಪಕ್ಕೂ ವ್ಯತ್ಯಾಸವಿದ್ದರೆ ವಾಷರ್ ಓರೆಯಾಗುತ್ತದೆ. ದಪ್ಪಗಿರುವುದು ಬಿಗಿಯಾಗುತ್ತದೆ, ತೆಳ್ಳಗಿರುವುದು ಸುಮ್ಮನೆ ಕೂತಿರುತ್ತದೆ. ನಟ್ಟು ಎಷ್ಟು ತಿರುಗಿಸಿದರೂ ಸ್ಟಡ್ ಬಾಗುವುದೇ ಹೊರತು ಸೋರಿಕೆ ನಿಲ್ಲುವುದಿಲ್ಲ. ಬಿಚ್ಚಿದ ವಾಷರನ್ನು ಬೆಳಕಿಗೆ ಹಿಡಿದರೆ ಕಾಣುತ್ತದೆ: ಉಜ್ಜಿ ಹೊಳೆಯುವ ಗುರುತು ಒಂದೇ ಅಂಚಿನಲ್ಲಿದ್ದರೆ ರೋಗ ಇದೇ.

ಸ್ಟಡ್ ಇರುವ ಜಾಗಗಳಲ್ಲಿ ಎರಡೂ ಫ್ಲೇಂಜಿನ ದಪ್ಪ ಅಳೆಯಿರಿ. ವ್ಯತ್ಯಾಸ 0.2 ಮಿ.ಮೀ.ಗಿಂತ ಹೆಚ್ಚಿದ್ದರೆ ಲೇತಿನವರ ಹತ್ತಿರ ಮೆಟ್ಟಿಲು ಇರುವ ವಾಷರ್ ಮಾಡಿಸಿ, ಅಥವಾ ದಪ್ಪಗಿರುವ ಫ್ಲೇಂಜನ್ನು ಮಿಲ್ಲಿಂಗ್ ಮಾಡಿಸಿ ಸಮ ಮಾಡಿ. ತೆಳು ವಾಷರ್‌ಗಳನ್ನು ಒಂದರ ಮೇಲೊಂದು ಪೇರಿಸುವುದು ವಾರದ ಮಟ್ಟಿನ ಪರಿಹಾರ.

ಹಾಗೆಯೇ ಫ್ಲೇಂಜ್ ಸಮತಟ್ಟಾಗಿದೆಯೇ ನೋಡಿ. ದಪ್ಪ ಗಾಜಿನ ಮೇಲೆ ಮಗುಚಿ ಇಟ್ಟು ಸುತ್ತ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ಆಡಿಸಿ, 0.15 ಮಿ.ಮೀ.ನ ಎಲೆ ಎಲ್ಲೂ ಒಳಗೆ ಹೋಗಬಾರದು. ತೆಗೆದ ಪ್ಯಾಕಿಂಗನ್ನೂ ಎಸೆಯಬೇಡಿ. ಅದರ ಮೇಲೆ ಪೋರ್ಟಿನಿಂದ ಅಂಚಿಗೆ ಎಳೆದ ಮಸಿಯ ಗೆರೆ ಸೋರಿಕೆ ಎಲ್ಲಿಂದ ಎಲ್ಲಿಗೆ ಎಂಬುದನ್ನು ಬೆರಳಿಟ್ಟು ತೋರಿಸುತ್ತದೆ.

ಬಿಗಿತ 15 ಪೌಂಡ್-ಅಡಿ, ಅಂದರೆ ಸುಮಾರು 2.1 ಕೆಜಿ-ಮೀಟರ್, ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ. ಹಿತ್ತಾಳೆ ನಟ್ಟು ಹಾಕಿ, ಮುಂದೆ ಬಿಚ್ಚುವವರು ನೆನೆಯುತ್ತಾರೆ. ಎರಡು ಮೂರು ಸಲ ಕಾದು ಆರಿದ ಮೇಲೆ ಪೂರ್ತಿ ತಣ್ಣಗಿರುವಾಗ ಮತ್ತೊಮ್ಮೆ ಬಿಗಿತ ನೋಡಿ.

ಅಂಬಾಸಿಡರಿನ ಮ್ಯಾನಿಫೋಲ್ಡ್ ಬಿಚ್ಚುವಾಗ ಸ್ಟಡ್ ಒಂದು ಹೆಡ್ ಮಟ್ಟಕ್ಕೇ ಮುರಿಯಿತು. ಹೆಡ್ ಇಳಿಸದೆ ತೆಗೆಯಬಹುದೇ?
— ಓದುಗರು, ಹಾಸನ

ತೆಗೆಯಬಹುದು. ಮುರಿದ ತುದಿಯ ಮೇಲೆ ವಾಷರ್ ಇಟ್ಟು, ಅದರ ಮೇಲೆ ಒಂದು ಸೈಜು ದೊಡ್ಡ ನಟ್ಟು ಇಟ್ಟು, ನಟ್ಟಿನ ಒಳಗಿನಿಂದ ವೆಲ್ಡ್ ತುಂಬಿಸಿ. ಹೆಡ್ ಎರಕದ ಕಬ್ಬಿಣ, ವೆಲ್ಡು ಅದಕ್ಕೆ ಸುಲಭಕ್ಕೆ ಹಿಡಿಯುವುದಿಲ್ಲ. ಬೆಸುಗೆಯ ಕೆಂಪು ಆರಿದ ಕೂಡಲೇ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಕಾಲು ಸುತ್ತು ಆಡಿಸುತ್ತಾ ತೆಗೆಯಿರಿ. ಮೊದಲ ಸಲ ನಟ್ಟು ಕಿತ್ತುಬಂದರೆ ಮತ್ತೊಂದು ಹಾಕಿ. ಪ್ರತಿ ಬಿಸಿಗೂ ತುಕ್ಕು ಸಡಿಲವಾಗುತ್ತದೆ. ಪೆಟ್ರೋಲ್ ಪೈಪು, ಕಾರ್ಬ್ಯುರೇಟರ್ ಮೊದಲೇ ಹೊರಗಿಟ್ಟಿರಿ. ಈಸಿ-ಔಟ್ (ಮುರಿದ ಸ್ಟಡ್ಡಿನೊಳಗೆ ಕಚ್ಚಿ ಕೀಳುವ ಉಪಕರಣ) ಬೇಡ: ಒಳಗೆ ಮುರಿದರೆ ಅದನ್ನು ಮಾಮೂಲಿ ಡ್ರಿಲ್ ಕೊರೆಯುವುದಿಲ್ಲ.

ಹೊಸ ಸ್ಟಡ್ ಹಾಕುವಾಗ ಒಂದು ಮೋಸ ಇದೆ. ಇದು 5/16 ಇಂಚಿನದು, ಅಂದರೆ 7.94 ಮಿ.ಮೀ. ಅಂಗಡಿಯಲ್ಲಿ ಕೈಗೆ ಸಿಗುವ 8 ಮಿ.ಮೀ. ಸ್ಟಡ್ ಕಣ್ಣಿಗೆ ಒಂದೇ ಥರ, ಒಂದೆರಡು ಸುತ್ತು ಹತ್ತಿಯೂ ಬಿಡುತ್ತದೆ. ಆದರೆ ಎಳೆ ಬೇರೆ: ಮಿ.ಮೀ. ಸ್ಟಡ್ಡಿನ ಪಿಚ್ (ಎಳೆಯಿಂದ ಎಳೆಗೆ ದೂರ) 1.25 ಮಿ.ಮೀ., ಇಂಚಿನದರಲ್ಲಿ ಒರಟು ಎಳೆ ಸುಮಾರು 1.41, ಸಣ್ಣ ಎಳೆ 1.06. ಜೋರು ಮಾಡಿ ಹತ್ತಿಸಿದರೆ ಹೆಡ್‌ನ ಎಳೆಯೇ ಹೋಗುತ್ತದೆ. ಮುರಿದ ಸ್ಟಡ್ಡಿಗೆ ಪಿಚ್ ಗೇಜ್ ಹಿಡಿದು ನೋಡಿ. ಹಿಂದೆ ಯಾರೋ ಈ ಕೆಲಸ ಮಾಡಿಟ್ಟಿರುವ ಸಾಧ್ಯತೆಯೂ ಇದೆ.

ಹೆಡರ್ ಬಂದಮೇಲೆ ಬಾನೆಟ್ ಕೆಳಗೆ ಕುಲುಮೆಯಂತಾಗಿದೆ. ಹತ್ತು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಹಿಡಿಯುವುದಿಲ್ಲ. ಪೈಪಿಗೆ ಬಟ್ಟೆಯಂಥ ರ‍್ಯಾಪ್ ಸುತ್ತಿಸಲೇ?
— ಓದುಗರು, ಮೂಡಿಗೆರೆ

ನಿಮ್ಮ ಊರಿನ ಮಳೆಗೆ ರ‍್ಯಾಪ್ ಆಗದು. ಮಾಮೂಲಿ ಉಕ್ಕಿನ ಪೈಪಿಗೆ ಸುತ್ತಿದ ರ‍್ಯಾಪ್ ರಸ್ತೆಯ ನೀರನ್ನು ಒದ್ದೆ ಬಟ್ಟೆಯಂತೆ ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ಪೈಪೂ ಹೆಚ್ಚು ಕಾಯುತ್ತದೆ. ಬಿಸಿ, ನೀರು, ಗಾಳಿ ಮೂರೂ ಸೇರಿದರೆ ಉಕ್ಕು ಹಾಳೆಹಾಳೆಯಾಗಿ ಏಳುತ್ತದೆ, ಅದೂ ಒಳಗೊಳಗೆ, ನಿಮಗೆ ಕಾಣದಂತೆ. ಪೈಪಿಗೆ ಸೆರಾಮಿಕ್ ಕೋಟಿಂಗ್ ಮಾಡಿಸುವುದು ಮೇಲು. ದುಬಾರಿಯೆನಿಸಿದರೆ ತಗಡಿನ ಮರೆ ಸಾಕು.

ಹತ್ತು ನಿಮಿಷದ ತೊಂದರೆ ಪೆಟ್ರೋಲಿನದು. ಓಡುವಾಗ ಫ್ಯಾನಿನ ಗಾಳಿ ಇರುತ್ತದೆ. ನಿಂತ ಕೂಡಲೇ ಹೆಡರಿನ ಬಿಸಿಯೆಲ್ಲ ನೇರ ಮೇಲಿರುವ ಕಾರ್ಬ್ಯುರೇಟರಿನ ಫ್ಲೋಟ್ ಚೇಂಬರಿಗೆ ಏರಿ ಪೆಟ್ರೋಲ್ ಕುದಿಯುತ್ತದೆ. ಕಾರ್ಬ್ಯುರೇಟರಿಗೂ ಇನ್ಲೆಟ್ಟಿಗೂ ನಡುವೆ 6 ಮಿ.ಮೀ. ಹೈಲಂ (ಬಿಸಿ ದಾಟಿಸದ ಗಟ್ಟಿ ಹಲಗೆ) ಸ್ಪೇಸರ್ ಕೊಡಿ, ಎರಡೂ ಕಡೆ ಪ್ಯಾಕಿಂಗ್ ಇರಲಿ. ಅದೇ ಸ್ಟಡ್ಡಿನಲ್ಲಿ 1.5 ಮಿ.ಮೀ. ಅಲ್ಯೂಮಿನಿಯಂ ತಗಡು ಸೇರಿಸಿ, ಫ್ಲೋಟ್ ಚೇಂಬರಿನ ಅಡಿಯವರೆಗೆ ಚಾಚುವಂತೆ ಕತ್ತರಿಸಿ. ತಗಡು ಪೈಪಿಗೆ ತಾಗಬಾರದು, 10–12 ಮಿ.ಮೀ. ಗಾಳಿ ಆಡುವ ಸಂದು ಇದ್ದರೇ ಅದು ಕೆಲಸ ಮಾಡುವುದು. ಸ್ಟಡ್ ಉದ್ದ ಸಾಲದೆ ಹೋಗುತ್ತದೆ, ಮೊದಲೇ ಉದ್ದನೆಯದು ತಂದಿಟ್ಟುಕೊಳ್ಳಿ.

ಇನ್ನೊಂದು: ಹಳೆ ಮ್ಯಾನಿಫೋಲ್ಡಿನಲ್ಲಿ ಇನ್ಲೆಟ್ಟಿನ ಹೊಟ್ಟೆಯ ಕೆಳಗೆ ಎಕ್ಸಾಸ್ಟಿನ ಬಿಸಿ ತಾಗುವ ಹಾಟ್‌ಸ್ಪಾಟ್ ಇದ್ದಿದ್ದರೆ, ಈಗ ಅಲ್ಲಿ ಕಿಂಡಿ ತೆರೆದಿರುತ್ತದೆ. ಪ್ಯಾಕಿಂಗ್ ಇಟ್ಟು ಪ್ಲೇಟಿನಿಂದ ಮುಚ್ಚಿ. ಆ ಬಿಸಿ ಹೋಗಿದ್ದರಿಂದ ಮಂಜಿನ ಬೆಳಗ್ಗೆ ಗಾಡಿಗೆ ಚೋಕ್ ಹೆಚ್ಚು ಹೊತ್ತು ಬೇಕಾಗುತ್ತದೆ. ಅದು ದೋಷವಲ್ಲ.

ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಪಟ ಸಿಡಿಯುತ್ತದೆ. ಹೆಡರ್ ಹಾಕಿದ ಮೇಲೆ ಕಾರ್ಬ್ಯುರೇಟರ್ ಟ್ಯೂನಿಂಗ್ ಬೇಕೇ?
— ಓದುಗರು, ಸಕಲೇಶಪುರ

ಟ್ಯೂನಿಂಗ್ ಬೇಕು, ಆದರೆ ಮೊದಲು ಸೋರಿಕೆ ಹುಡುಕಿ. ಆಕ್ಸಿಲರೇಟರ್ ಬಿಟ್ಟಾಗ ಪೂರ್ತಿ ಉರಿಯದ ಪೆಟ್ರೋಲ್ ಪೈಪಿಗೆ ಬರುತ್ತದೆ. ಯಾವುದೋ ಜಾಯಿಂಟಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಂಡರೆ ಅಲ್ಲಿ ಉರಿಯುತ್ತದೆ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ಐಡಲಿನಲ್ಲಿ ಹಿಂದಿನ ಪೈಪಿನ ಬಾಯಿಗೆ ದಪ್ಪ ಬಟ್ಟೆ ಒಂದೆರಡು ಸೆಕೆಂಡ್ ಒತ್ತಿದರೆ ಸೋರುವ ಕಡೆ ‘ಸುಸ್’ ಎನ್ನುತ್ತದೆ.

ಎಸ್‌ಯು ಕಾರ್ಬ್ಯುರೇಟರಿನ ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾದ ಮೇಲೆ ಪಕ್ಕದ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಕಮ್ಮಿ ಎತ್ತಿ. ಎಂಜಿನ್ ವೇಗ ಏರಿ ಹಾಗೇ ಉಳಿದರೆ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು). ಎಂಜಿನ್ ಆರುವಂತಾದರೆ ಲೀನ್ (ಪೆಟ್ರೋಲ್ ಕಮ್ಮಿ). ಒಂದು ಚೂರು ಏರಿ ಮತ್ತೆ ಮೊದಲಿನಂತಾದರೆ ಸರಿ. ಕೆಳಗಿನ ಜೆಟ್ ನಟ್ಟನ್ನು ಕೆಳಗಿಳಿಸಿದರೆ ರಿಚ್, ಮೇಲೇರಿಸಿದರೆ ಲೀನ್; ಒಂದು ಸಲಕ್ಕೆ ಒಂದು ಮುಖ, ಅಂದರೆ ಸುತ್ತಿನ ಆರನೇ ಒಂದು ಪಾಲು ಮಾತ್ರ.

ನಿಮ್ಮ ಊರಿನ ಲೆಕ್ಕ ಸ್ವಲ್ಪ ತಮಾಷೆಯದು. ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿ ಗಾಳಿ ಶೇ 9ರಷ್ಟು ತೆಳು, ಅದರಿಂದ ಮಿಶ್ರಣ ಶೇ 4–5 ರಿಚ್ ಆಗುತ್ತದೆ. ಇ20 ಪೆಟ್ರೋಲು (ಶೇ 20 ಎಥನಾಲ್ ಬೆರೆಸಿದ್ದು) ಅದನ್ನು ಉಲ್ಟಾ ಎಳೆಯುತ್ತದೆ: ಒಂದು ಕೆಜಿ ಪೆಟ್ರೋಲಿಗೆ 14.7 ಕೆಜಿ ಗಾಳಿ ಸಾಕಾದರೆ ಇ20ಗೆ ಸುಮಾರು 13.5, ಅಂದರೆ ಹಳೆ ಸೆಟ್ಟಿಂಗಿನಲ್ಲಿ ಶೇ 8ರಷ್ಟು ಲೀನ್. ಮಲೆನಾಡಿನಲ್ಲಿ ಒಂದಕ್ಕೊಂದು ಅರ್ಧ ಹೊಡೆದುಹೋಗುತ್ತದೆ. ಶಿರಾಡಿ ಇಳಿದು ಮಂಗಳೂರು ಸೇರಿದರೆ ಎತ್ತರದ ಉಪಕಾರ ಇಲ್ಲ, ಲೀನ್ ಮಾತ್ರ ಉಳಿಯುತ್ತದೆ. ಹಾಗಾಗಿ ಕೆಳಗೆ ಹೆಚ್ಚು ಓಡಾಡುವವರು ಅಲ್ಲೇ ಒಮ್ಮೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಸುಣ್ಣದಂತೆ ಬೆಳ್ಳಗಿದ್ದರೆ ಒಂದು ಮುಖ ಕೆಳಗಿಳಿಸಿ.

1990ರ ಮಾರುತಿ 800ಕ್ಕೆ ಹೆಡರ್ ಹಾಕಿಸಬಹುದೇ? ಈಗಿನ ಮ್ಯಾನಿಫೋಲ್ಡಿಗೂ ರೇಡಿಯೇಟರ್ ಫ್ಯಾನಿಗೂ ಜಾಗವೇ ಇಲ್ಲ.
— ಓದುಗರು, ಅರಸೀಕೆರೆ

ಹಾಕಿಸಬಹುದು, ಆದರೆ 796 ಸಿಸಿಗೆ ಖರ್ಚಿನಷ್ಟು ಫಲವಿಲ್ಲ. ಮೂರು ಸಿಲಿಂಡರ್, 240 ಡಿಗ್ರಿಗೊಮ್ಮೆ ಫೈರಿಂಗ್, ಮೂರು ಸಮ ಉದ್ದದ ಪೈಪು ಒಂದೇ ಕಡೆ ಕೂಡಿದರಾಯಿತು. ಜೋಡಿ ಹೊಂದಿಸುವ ತಲೆನೋವಿಲ್ಲ. ತಲೆನೋವು ಫ್ಯಾನಿನದು. ಎಂಜಿನ್ ಅಡ್ಡಡ್ಡ ಕೂತಿರುವುದರಿಂದ ರಿವರ್ಸಿನಲ್ಲಿ ಅದರ ತಲೆ ರೇಡಿಯೇಟರ್ ಕಡೆಗೆ ಬಾಗುತ್ತದೆ. ಆ ಸ್ಥಿತಿಯಲ್ಲೂ ಪೈಪಿಗೂ ಫ್ಯಾನ್ ಮೋಟಾರಿಗೂ 25 ಮಿ.ಮೀ. ಉಳಿಯದಿದ್ದರೆ ಕೈಬಿಡಿ. ಕೆಳಗಿನ ಪೈಪಿನಲ್ಲಿ ಬೆಲ್ಲೋಸ್ (ಬಾಗುವ ಮಡಿಕೆ ಪೈಪಿನ ತುಂಡು) ಇಲ್ಲದೆ ಹಾಕಿದರೆ ಕೂಡುವ ಕಡೆಯ ವೆಲ್ಡಿಂಗ್ ಬೇಗ ಸೀಳುತ್ತದೆ.

ಹೆಡರ್ ಹಾಕಿದರೆ ಆರ್‌ಟಿಒ, ಪೊಲೀಸ್ ತಕರಾರು ಇದೆಯೇ? ಹೊಗೆ ತಪಾಸಣೆಯಲ್ಲಿ ಪಾಸಾಗುತ್ತದೆಯೇ?
— ಓದುಗರು, ಕಡೂರು

ತಕರಾರು ಹುಟ್ಟುವುದು ಹೆಚ್ಚಾಗಿ ಸದ್ದಿನಿಂದ. ಮೋಟಾರು ವಾಹನ ಕಾಯ್ದೆಯ 190(2)ರಡಿ ಶಬ್ದ, ಹೊಗೆಯ ಮಿತಿ ಮೀರಿದರೆ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸಜೆಗೂ ಅವಕಾಶವಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ(4)ರಡಿ ಮಾಲೀಕರಿಗೆ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಸೈಲೆನ್ಸರ್ ಕಂಪನಿಯದೇ ಇರಲಿ, ಅದರ ಹೊಟ್ಟೆ ಬಗೆದು ಖಾಲಿ ಮಾಡಿಸಬೇಡಿ. ಖಾಲಿ ಸೈಲೆನ್ಸರಿನಿಂದ ಬರುವುದು ಬರೀ ಸದ್ದು, ಪಿಕಪ್ ಅಲ್ಲ. ಕೆಲಸ ಶುರುಮಾಡುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಹೊಗೆ ತಪಾಸಣೆಯಲ್ಲಿ 2000ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 3, ಹೈಡ್ರೋಕಾರ್ಬನ್ 1500 ಪಿಪಿಎಂ. ಟ್ಯೂನಿಂಗ್ ಸರಿಯಿದ್ದರೆ ಹೆಡರ್ ಅಡ್ಡಿಯಾಗುವುದಿಲ್ಲ.

50 ವರ್ಷ ದಾಟಿದ ಗಾಡಿಯವರು ಇನ್ನೊಂದು ನೋಡಿಕೊಳ್ಳಬೇಕು. 2021ರ ನಿಯಮದಂತೆ ವಿಂಟೇಜ್ ನೋಂದಣಿ ಬೇಕಾದರೆ ಗಾಡಿ ಮೂಲ ರೂಪದಲ್ಲಿರಬೇಕು, ಎಂಜಿನ್ನಿನ ಮಾರ್ಪಾಡೂ ಲೆಕ್ಕಕ್ಕೆ ಬರುತ್ತದೆ. ಆ ನೋಂದಣಿಯಲ್ಲಿ ದಿನನಿತ್ಯ ಓಡಾಡುವಂತಿಲ್ಲ, ಆದ್ದರಿಂದ ಎಲ್ಲರಿಗೂ ಅದು ಬೇಕಾಗದು. ಮೇಲೆ ಕೇಳಿದ ಚಿಕ್ಕಮಗಳೂರಿನ 1978ರ ಅಂಬಾಸಿಡರಿಗೆ 2028ರಲ್ಲಿ ಐವತ್ತು ತುಂಬುತ್ತದೆ. ತೆಗೆದ ಎರಕದ ಮ್ಯಾನಿಫೋಲ್ಡನ್ನು ಗುಜರಿಗೆ ಹಾಕಬೇಡಿ. ಮಸಿ ಕೆರೆದು, ಗ್ರೀಸ್ ಸವರಿ, ಅದರ ವಾಷರ್, ನಟ್ಟುಗಳ ಸಮೇತ ಗೋಣಿಚೀಲದಲ್ಲಿ ಕಟ್ಟಿ, ನೆಲಕ್ಕೆ ತಾಗದಂತೆ ಅಟ್ಟದ ಮೇಲಿಡಿ.